ಅವರನ್ನ 'ಜೂಡೊ ಅಜ್ಜಿ' ಅಂತ ಅಷ್ಟಕ್ಕೇ ಮುಗಿಸ್ಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು,

ಜಪಾನಿನ ಜೂಡೊ ಟೀಚರ್ ಕೇಕೊ ಫುಕುದಾ ಅವರ ಬಗ್ಗೆ ಕನ್ನಡದಲ್ಲಿ ಆಗಾಗ ಏನಾದ್ರೂ ಬರ್ತಾ ಇರುತ್ತೆ, ಮಹಿಳಾ ದಿನದ ಪುರವಣೀಲೋ, ಫೇಸ್‌ಬುಕ್ಕಲ್ಲೋ, ವಾಟ್ಸಾಪ್ ಫಾರ್ವರ್ಡಲ್ಲೋ, ಮತ್ತೆ ಪ್ರತಿ ಸಲಾನೂ ಅದೇ ಎರಡು ಮಾತು. 98ನೇ ವಯಸ್ಸಲ್ಲಿ ಹತ್ತನೇ ದಾನ್, ಅಂದ್ರೆ ಜೂಡೊದ ಎಲ್ಲಕ್ಕಿಂತ ಮೇಲಿನ ದರ್ಜೆ, ತಗೊಂಡ ಅಜ್ಜಿ, ಜೂಡೊಗೋಸ್ಕರ ಮದುವೆನೇ ಬಿಟ್ಟವರು. ಎರಡೂ ಸುಳ್ಳಲ್ಲ. ಆದ್ರೆ ಓದಿದವರಿಗೆ ಅಯ್ಯೋ ಎಷ್ಟು ಗಟ್ಟಿ ಅಜ್ಜಿ ಅಂತ ಅನ್ಸಿ ಅಲ್ಲಿಗೇ ಮುಗೀತು, ಆ ಹೆಂಗಸು ಜೀವನ ಪೂರ್ತಿ ಮಾಡಿದ್ದೇನು ಅಂತ ಒಂದು ಸಾಲೂ ಇರಲ್ಲ. ಅವರು ಮಾಡಿದ್ದು ಪಾಠ. 1937ರಲ್ಲಿ ಟೀಚರ್ ಆದವರು 2013ರ ಫೆಬ್ರವರಿಯಲ್ಲಿ ತೀರಿಕೊಳ್ಳೋವರೆಗೂ ಟೀಚರ್ರೇ, ಅಂದ್ರೆ 75 ವರ್ಷಕ್ಕೂ ಜಾಸ್ತಿ, ಇಷ್ಟು ವರ್ಷ ಒಂದೇ ವಿದ್ಯೆ ಹೇಳಿಕೊಟ್ಟವರು ಯಾವ ಕ್ಷೇತ್ರದಲ್ಲಿ ತಾನೆ ಎಷ್ಟು ಜನ ಸಿಗ್ತಾರೆ ಹೇಳಿ. ನಾನೂ ಚಿಕ್ಕ ಊರಲ್ಲಿ ಮಕ್ಕಳಿಗೆ ಜೂಡೊ ಹೇಳಿಕೊಡೋಳು, ಅದಕ್ಕೇ ಇದು ನನಗೆ ತುಂಬಾ ಮನಸ್ಸಿಗೆ ಹತ್ತಿರದ ವಿಷಯ, ಸ್ವಲ್ಪ ಉದ್ದ ಆದ್ರೂ ದಯವಿಟ್ಟು ಪೂರ್ತಿ ಓದಿ.

ಮೊದಲು ಅವರ ಮನೆತನದ ವಿಷಯ ಹೇಳ್ಬೇಕು, ಯಾಕಂದ್ರೆ ಜೂಡೊ ಹುಟ್ಟಿದ್ದರಲ್ಲೇ ಆ ಮನೆತನದ ಪಾಲಿದೆ. ಫುಕುದಾ ಅವರ ತಾತ ಹಾಚಿನೊಸುಕೆ ಫುಕುದಾ, ತೆಂಜಿನ್ ಶಿನ್ಯೋ ರ್‍ಯೂ ಅನ್ನೋ ಹಳೇ ಜುಜುತ್ಸು ಪರಂಪರೆಯ ಗುರು. 1877ರಲ್ಲಿ ಟೋಕಿಯೋದಲ್ಲಿ ಓದ್ತಿದ್ದ ಒಬ್ಬ ಸಣ್ಣ ಮೈಕಟ್ಟಿನ ಹುಡುಗ ಅವರ ಹತ್ರ ಕಲಿಯೋಕೆ ಬಂದ, ಅವನೇ ಜಿಗೊರೊ ಕಾನೊ. ಎರಡೇ ವರ್ಷಕ್ಕೆ, 1879ರಲ್ಲಿ, ಗುರುಗಳು ತೀರಿಕೊಂಡ್ರು. 1882ರಲ್ಲಿ ಕಾನೊ ಒಂದು ಬೌದ್ಧ ದೇವಸ್ಥಾನದಲ್ಲಿ ಕೊಡೊಕಾನ್ ಅನ್ನೋ ತಮ್ಮ ಶಾಲೆ ಶುರು ಮಾಡಿ ತನ್ನ ಪದ್ಧತಿಗೆ ಜೂಡೊ ಅಂತ ಹೆಸರಿಟ್ಟರು. ಐವತ್ತು ವರ್ಷ ಕಳೆದ ಮೇಲೆ, ಕಾನೊ ಅಷ್ಟೊತ್ತಿಗೆ ಒಲಿಂಪಿಕ್ ಸಮಿತಿಯ ಸದಸ್ಯರು, ಜಗತ್ತಿಗೇ ಗೊತ್ತಿರೋ ಮನುಷ್ಯ, ತನ್ನ ಮೊದಲ ಗುರುಗಳ ಮೊಮ್ಮಗಳು ಇದ್ದಾಳೆ ಅಂತ ತಿಳಿದು ಅವಳನ್ನ ತಾವೇ ಕರೆದು ಕಲಿಯೋಕೆ ಬಾ ಅಂದ್ರು. ಗುರುಋಣ ತೀರಿಸೋದು ಅಂದ್ರೆ ಇದೇ ಅಲ್ವಾ.

ಆಗ ಫುಕುದಾ ಅವರಿಗೆ 21 ವರ್ಷ, 1935. ಎತ್ತರ 150 ಸೆಂಟಿಮೀಟರೂ ಇಲ್ಲ, ತೂಕ 45 ಕೆಜಿ ಒಳಗೆ. ತಂದೆ ಚಿಕ್ಕವಯಸ್ಸಲ್ಲೇ ಹೋಗಿದ್ರು, ಅಲ್ಲಿನ ಮರ್ಯಾದಸ್ಥ ಮನೆ ಹೆಣ್ಣುಮಕ್ಕಳು ಕಲಿಯೋ ಹಾಗೆ ಹೂ ಜೋಡಿಸೋದು, ಟೀ ಸಮಾರಂಭ, ಕುಂಚದಲ್ಲಿ ಅಕ್ಷರ ಬರೆಯೋದು ಇದೆಲ್ಲ ಕಲಿತಿದ್ರು. ಕೊಡೊಕಾನ್‌ನಲ್ಲಿ ಹೆಂಗಸರ ವಿಭಾಗ ಅಂತ 1926ರಲ್ಲೇ ಶುರುವಾಗಿತ್ತು, ಅಲ್ಲಿ ಆಗ ಕಲೀತಿದ್ದವರು ಎಲ್ಲಾ ಸೇರಿ 24 ಜನ. ಅಮ್ಮ ಅಣ್ಣ ಒಪ್ಪಿದ್ರು, ಚಿಕ್ಕಪ್ಪ ಒಪ್ಪಲಿಲ್ಲ. ಅಮ್ಮ ಅಣ್ಣ ಒಪ್ಪಿದ್ದಕ್ಕೂ ಒಂದು ಕಾರಣ ಇತ್ತು, ಜೂಡೊ ಮಾಡೋ ಒಳ್ಳೆ ಹುಡುಗ ಯಾರಾದ್ರೂ ಸಿಕ್ಕಿ ಮದುವೆ ಆಗುತ್ತೆ ಅಂತ. ಈ ಲೆಕ್ಕಾಚಾರ ನಮ್ಮ ಮನೆಗಳಲ್ಲೂ ಬೇಕಾದಷ್ಟು ಕೇಳಿದ್ದೀವಿ, ಡ್ಯಾನ್ಸ್ ಕ್ಲಾಸಿಗೆ ಕಳ್ಸೋದೂ ಸಂಗೀತ ಕಲಿಸೋದೂ ಗಂಡು ನೋಡೋಕೆ ಬಂದಾಗ ಹೇಳ್ಕೊಳ್ಳೋಕೆ.

ಕಲಿತಿದ್ದು ಕಾನೊ ಅವರ ಕೈಕೆಳಗೆ ಮತ್ತೆ ಕ್ಯೂಜೊ ಮಿಫುನೆ ಅವರ ಹತ್ರ. ಮಿಫುನೆ ಯಾರು ಅಂತ ಜೂಡೊ ಗೊತ್ತಿರೋರಿಗೆ ಹೇಳಬೇಕಾಗಿಲ್ಲ, ಅವರೂ ಕುಳ್ಳ ಮನುಷ್ಯ, ವಯಸ್ಸಾದ ಮೇಲೂ ದೊಡ್ಡ ದೊಡ್ಡ ಆಳುಗಳನ್ನ ಎತ್ತಿ ಹಾಕ್ತಿದ್ದ ಹಳೇ ಕಪ್ಪುಬಿಳುಪು ವಿಡಿಯೋಗಳು ಈಗ್ಲೂ ನೋಡೋಕೆ ಸಿಗ್ತವೆ. ಎರಡೇ ವರ್ಷದಲ್ಲಿ ಫುಕುದಾ ಅಲ್ಲೇ ಹೇಳಿಕೊಡೋಕೆ ಶುರು ಮಾಡಿದ್ರು. 1938ರಲ್ಲಿ ಕಾನೊ ಕೈರೋದಲ್ಲಿ ಒಲಿಂಪಿಕ್ ಸಮಿತಿ ಸಭೆ ಮುಗಿಸ್ಕೊಂಡು ಬರುವಾಗ ಹಡಗಲ್ಲೇ ತೀರಿಕೊಂಡ್ರು. ನೀವು ಹೊರದೇಶಕ್ಕೆ ಹೋಗಿ ಜೂಡೊ ಹರಡಿ ಅಂತ ಅವರು ತಮ್ಮ ಶಿಷ್ಯೆಯರಿಗೆ ಹೇಳ್ತಿದ್ದರಂತೆ, ಅದನ್ನ ಫುಕುದಾ ಮರೀಲಿಲ್ಲ. ಇದರ ಮಧ್ಯೆ ಜಪಾನಿ ಸಾಹಿತ್ಯದಲ್ಲಿ ಡಿಗ್ರೀನೂ ಮಾಡ್ಕೊಂಡ್ರು.

ಈಗ ನಾನು ಹೇಳ್ಬೇಕು ಅಂತ ಕೂತಿರೋ ಮುಖ್ಯ ವಿಷಯ. 1953ರಲ್ಲಿ ಅವರಿಗೆ 5ನೇ ದಾನ್ ಸಿಕ್ತು. ಜೂಡೊದಲ್ಲಿ ಬ್ಲ್ಯಾಕ್ ಬೆಲ್ಟ್ ಅನ್ನೋದು ಕೊನೆ ಅಲ್ಲ, ಅದು ಮೊದಲನೇ ದಾನ್, ಅಲ್ಲಿಂದ ಹತ್ತರವರೆಗೆ ಮೆಟ್ಟಿಲು ಇವೆ. ಹೆಂಗಸರಿಗೆ ಐದಕ್ಕೇ ಗೇಟ್ ಹಾಕಿದ್ರು. ಗಂಡಸರಿಗೆ ಆ ಗೇಟ್ ಇರ್ಲಿಲ್ಲ. ಹೆಂಗಸಿನ ಬ್ಲ್ಯಾಕ್ ಬೆಲ್ಟಿಗೇ ಮಧ್ಯದಲ್ಲಿ ಉದ್ದಕ್ಕೆ ಒಂದು ಬಿಳಿ ಪಟ್ಟಿ ಹಾಕಿ ಬೇರೆ ಮಾಡಿದ್ರು, ದೂರದಿಂದ ನೋಡಿದ್ರೂ ಇದು ಹೆಂಗಸರ ಬೆಲ್ಟು ಅಂತ ಗೊತ್ತಾಗ್ಬೇಕು. ಟೂರ್ನಮೆಂಟ್ ಆಡೋಕಂತೂ ಬಿಡ್ತಾನೇ ಇರ್ಲಿಲ್ಲ. ಹೆಣ್ಣಿನ ಮೈಗೆ ಅದು ಆಗಿಬರಲ್ಲ ಅನ್ನೋ ಮಾತು. ಕಟಾ (ಮೊದಲೇ ಗೊತ್ತು ಮಾಡಿದ ಪಟ್ಟುಗಳನ್ನ ಕ್ರಮವಾಗಿ ಮಾಡಿ ತೋರಿಸೋದು) ಮಾಡಿ, ಹೆಂಗಸರು ಹೆಂಗಸರೇ ರಂದೋರಿ (ಅಭ್ಯಾಸಕ್ಕೆ ಹಿಡಿದಾಡೋದು) ಮಾಡ್ಕೊಳಿ, ಸ್ಪರ್ಧೆ ಬೇಡ.

ಹಾಗಾಗಿ ಕೇಕೊ ಫುಕುದಾ ಅವರ ಹತ್ರ ಒಂದು ಮೆಡಲ್ ಇಲ್ಲ, ಆಡೋ ದಾರಿನೇ ಇರ್ಲಿಲ್ಲವಲ್ಲ. ಪತ್ರಿಕೆಗಳಿಗೆ ಅವರ ಬಗ್ಗೆ ಏನು ಬರೀಬೇಕು ಅಂತ ಗೊತ್ತಾಗದೆ ವಯಸ್ಸು ಮತ್ತೆ ಮದುವೆ ಹಿಡ್ಕೊಳ್ಳೋದು ಇದಕ್ಕೇ ಅಂತ ನನಗೆ ಅನ್ಸುತ್ತೆ. ಗೆದ್ದಿದ್ದು ಇಲ್ಲ, ರೆಕಾರ್ಡ್ ಇಲ್ಲ, ಹೆಡ್‌ಲೈನ್ ಎಲ್ಲಿಂದ ಬರ್ಬೇಕು.

ಅದೇ 1953ರಲ್ಲಿ ಅಮೆರಿಕದ ಓಕ್‌ಲ್ಯಾಂಡ್‌ನ ಒಂದು ಜೂಡೊ ಕ್ಲಬ್ ಕರೆದದ್ದಕ್ಕೆ ಹೋದ್ರು, ಹತ್ರ ಹತ್ರ ಎರಡು ವರ್ಷ ಇದ್ದು ವಾಪಸ್ ಬಂದ್ರು. ಯುದ್ಧ ಮುಗಿದು ಇನ್ನೂ ಎಂಟೇ ವರ್ಷ, ಒಬ್ಬ ಜಪಾನಿ ಹೆಂಗಸು ಒಂಟಿಯಾಗಿ ಅಮೆರಿಕಕ್ಕೆ ಹೋಗಿ ಮ್ಯಾಟ್ ಮೇಲೆ ನಿಂತು ಪಾಠ ಮಾಡೋದು ಅಂದ್ರೆ ಸುಮ್ನೆ ಅಲ್ಲ. 1964ರ ಟೋಕಿಯೋ ಒಲಿಂಪಿಕ್ಸಲ್ಲಿ ಜೂಡೊ ಮೊದಲ ಸಲ ಸೇರ್ತು, ಗಂಡಸರಿಗೆ ಮಾತ್ರ. ಅಲ್ಲಿ ಫುಕುದಾ ಮತ್ತೆ ಅವರ ಜೊತೆಗಾರ್ತಿ ಮಸಾಕೊ ನೊರಿತೊಮಿ ಸೇರಿ ಜೂ ನೋ ಕಟಾ ಮಾಡಿ ತೋರಿಸಿದ್ರು.

ಈ ಜೂ ನೋ ಕಟಾ ಬಗ್ಗೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಫುಕುದಾ ಅವರ ವಿದ್ಯೆಯ ಜೀವ ಇರೋದೇ ಅದರಲ್ಲಿ, ಅದನ್ನ ಬಿಟ್ಟು ಅವರ ಬಗ್ಗೆ ಬರೆದ್ರೆ ಏನೂ ಬರೆದ ಹಾಗಲ್ಲ. ಇದು ಕಾನೊ ಅವರೇ ಕಟ್ಟಿದ್ದು, ಮೂರು ಭಾಗ, ಒಂದೊಂದರಲ್ಲಿ ಐದು, ಒಟ್ಟು 15 ಪಟ್ಟು. ಇಬ್ಬರು ಬೇಕು, ದಾಳಿ ಮಾಡೋ ಒಬ್ಬರು ಅದನ್ನ ತಪ್ಪಿಸಿ ತಿರುಗಿಸೋ ಒಬ್ಬರು. ಎಲ್ಲಾ ನಿಧಾನ. ಬಟ್ಟೆ ಹಿಡಿದು ಎಳೆಯೋದಿಲ್ಲ, ಹಾಗಾಗಿ ಜೂಡೊ ಡ್ರೆಸ್ ಇಲ್ದಿದ್ರೂ ಮಾಮೂಲಿ ಬಟ್ಟೇಲೂ ಮಾಡ್ಬಹುದು, ಕೆಳಗೆ ಎತ್ತಿ ಒಗೆಯೋದೂ ಇಲ್ಲ, ಎದುರಾಳಿಯನ್ನ ಬೆನ್ನ ಮೇಲೋ ಸೊಂಟದ ಮೇಲೋ ಎತ್ತಿ, ಇನ್ನೇನು ಬೀಳ್ಬೇಕು ಅನ್ನೋ ಹೊತ್ತಿಗೆ ಅಲ್ಲೇ ಹಿಡಿದು ಮತ್ತೆ ಕಾಲ ಮೇಲೆ ನಿಲ್ಲಿಸ್ತಾರೆ. ನೋಡೋರಿಗೆ ಡ್ಯಾನ್ಸ್ ಥರ ಕಾಣುತ್ತೆ, ಅದಕ್ಕೇ ಹೆಂಗಸರ ಕಟಾ, ಸುಲಭದ್ದು ಅಂತ ಪಕ್ಕಕ್ಕೆ ಸರಿಸಿದವರು ಬಹಳ ಜನ. ಮಾಡಿ ನೋಡ್ಲಿ! ವೇಗವಾಗಿ ಮಾಡುವಾಗ ತಪ್ಪು ಮುಚ್ಚಿಹೋಗುತ್ತೆ, ಜೋರಾಗಿ ಎಳೆದ್ರೆ ಟೆಕ್ನಿಕ್ ಸರಿ ಇಲ್ದಿದ್ರೂ ಎದುರಿನವರು ಬಿದ್ದೇ ಬೀಳ್ತಾರೆ, ನಿಧಾನಕ್ಕೆ ಮಾಡುವಾಗ ಬ್ಯಾಲೆನ್ಸ್ ಎಲ್ಲಿ ಹೋಯ್ತು, ಯಾವ ಕಾಲು ಮುಂದೆ ಬರ್ಬೇಕಿತ್ತು, ಎದುರಿನವರ ಬಲ ಯಾವ ಕಡೆ ಹರೀತಿದೆ ಅನ್ನೋದು ಒಂದೂ ಮುಚ್ಚಿಡೋಕೆ ಆಗಲ್ಲ. ನಾನು ಮಕ್ಕಳಿಗೆ ಹೇಳಿಕೊಡುವಾಗ ಇದು ಪ್ರತಿ ಸಲ ಕಾಣುತ್ತೆ, ಟೂರ್ನಮೆಂಟಲ್ಲಿ ಗೆದ್ದು ಬಂದ ಹುಡುಗರೇ ಇದರಲ್ಲಿ ತಡವರಿಸ್ತಾರೆ, ಮೈಯಲ್ಲಿ ಶಕ್ತಿ ಕಮ್ಮಿ ಇರೋ ಹುಡುಗಿ ಸರಿಯಾಗಿ ಮಾಡಿ ತೋರಿಸ್ತಾಳೆ.

ಫುಕುದಾ ಇದನ್ನೇ ತಮ್ಮ ಕೆಲಸ ಮಾಡ್ಕೊಂಡ್ರು. ಹೆಂಗಸರಿಗೆ ಇಷ್ಟು ಸಾಕು ಅಂತ ಬಿಟ್ಟುಕೊಟ್ಟ ಒಂದು ಮೂಲೇನ ಹಿಡ್ಕೊಂಡು ಅದರಲ್ಲಿ ಜಗತ್ತಿಗೇ ಮೊದಲ ಸಾಲಿನ ಗುರು ಆದ್ರು, ಗಂಡಸರೂ ಬಂದು ಅವರ ಹತ್ರ ಕಟಾ ತಿದ್ದಿಸ್ಕೊಂಡು ಹೋಗೋ ಹಾಗಾಯ್ತು. 1973ರಲ್ಲಿ ಹೆಂಗಸರಿಗೆ ಅಂತ ಕಟಾದ ಪಠ್ಯಪುಸ್ತಕ ಬರೆದ್ರು, ಮುಂದೆ ಜೂ ನೋ ಕಟಾಗೇ ಬೇರೆ ಪುಸ್ತಕ ತಂದ್ರು. ಮೆಡಲ್ ಪಟ್ಟಿ ಮಾತ್ರ ನೋಡೋರಿಗೆ ಇದು ಯಾವತ್ತೂ ಕಾಣಲ್ಲ.

1966ರಲ್ಲಿ ಮತ್ತೆ ಕ್ಯಾಲಿಫೋರ್ನಿಯಾಗೆ ಹೋದವರು ಅಲ್ಲೇ ನಿಂತರು. ಮಿಲ್ಸ್ ಕಾಲೇಜ್ ಅಂತ ಓಕ್‌ಲ್ಯಾಂಡ್‌ನಲ್ಲಿ ಆಗ ಹೆಣ್ಣುಮಕ್ಕಳ ಕಾಲೇಜು ಇತ್ತು, ಅಲ್ಲಿ 1967ರಿಂದ 1978ರವರೆಗೆ ಪಾಠ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲು ತಾವಿದ್ದ ಮನೆಯಲ್ಲೇ ಕ್ಲಾಸು, ಹುಡುಗಿಯರು ಜಾಸ್ತಿ ಆದಾಗ ಸೋಕೋಜಿ ಅನ್ನೋ ಝೆನ್ ದೇವಸ್ಥಾನಕ್ಕೆ, ಆಮೇಲೆ 1973ರಲ್ಲಿ ಕ್ಯಾಸ್ಟ್ರೊ ಸ್ಟ್ರೀಟಲ್ಲಿ ತಮ್ಮದೇ ಜಾಗ, ಹೆಸರು ಸೋಕೊ ಜೋಶಿ ಜೂಡೊ ಕ್ಲಬ್. ಮನೇಲಿ ಶುರು ಮಾಡಿ ದೇವಸ್ಥಾನದ ಹಾಲಿಗೆ ಹೋಗಿ ಆಮೇಲೆ ಬಾಡಿಗೆಯೋ ಸ್ವಂತದ್ದೋ ಒಂದು ಜಾಗ ಹಿಡಿಯೋದು ಅಂದ್ರೆ ಏನು ಅಂತ ಕ್ಲಾಸ್ ನಡೆಸೋರಿಗೆಲ್ಲ ಗೊತ್ತು, ಕಲ್ಯಾಣ ಮಂಟಪ ಖಾಲಿ ಇದ್ದ ದಿನ ಮ್ಯಾಟ್ ಹಾಸಿ, ಬುಕ್ಕಿಂಗ್ ಬಂದ ದಿನ ಸುತ್ತಿಟ್ಟು ಪಾಠ ಮಾಡಿದವಳು ನಾನು, ನಮ್ಮೂರಲ್ಲಿ ಒಂದು ಇಲಾಖೆಗೆ ಹಾಲ್ ಕೇಳಿ ಅರ್ಜಿ ಕೊಟ್ಟು ಅಲೆದದ್ದು ಬೇರೆ. 1974ರಿಂದ ಹೆಂಗಸರಿಗೇ ಅಂತ ವರ್ಷಕ್ಕೊಂದು ಜೂಡೊ ಕ್ಯಾಂಪ್ ಕೂಡ ನಡೆಸೋಕೆ ಶುರು ಮಾಡಿದ್ರು. ಕೆನಡಾ, ಫ್ರಾನ್ಸ್, ನಾರ್ವೆ, ಆಸ್ಟ್ರೇಲಿಯಾ, ಫಿಲಿಪೀನ್ಸ್ ಎಲ್ಲಾ ಕಡೆ ಹೋಗಿ ಹೇಳಿಕೊಟ್ಟರು. ಜಪಾನಿನ ಪೌರತ್ವ ಬಿಟ್ಟು ಅಮೆರಿಕದ ಪ್ರಜೆ ಆದ್ರು, ಅದು ಅವರಿಗೆ ಹಗುರದ ನಿರ್ಧಾರ ಆಗಿರ್ಲಿಕ್ಕಿಲ್ಲ.

ಇಷ್ಟೆಲ್ಲ ಆದ್ರೂ 5ನೇ ದಾನ್‌ನಲ್ಲೇ ಇದ್ರು ನೋಡಿ. 1953ರಿಂದ 1972. ಹತ್ತೊಂಬತ್ತು ವರ್ಷ! ಅವರ ಶಿಷ್ಯೆಯೊಬ್ಬರು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಹಿಳಾ ಹಕ್ಕುಗಳ ಸಂಘಟನೆಯ ಮುಂದಾಳು, ಇದು ಅನ್ಯಾಯ ಅಂತ ಸಹಿ ಸಂಗ್ರಹ ಶುರು ಮಾಡಿದ್ರು, ಕೊಡೊಕಾನ್‌ಗೆ ಮನವಿ ಹೋಯ್ತು, ಕೊನೆಗೆ 1972ರಲ್ಲಿ ಫುಕುದಾ ಮತ್ತೆ ನೊರಿತೊಮಿ ಇಬ್ಬರಿಗೂ 6ನೇ ದಾನ್ ಕೊಟ್ಟರು, ಹೆಂಗಸರಲ್ಲಿ ಅದೇ ಮೊದಲು. ನಾನು ಇಲ್ಲಿ ಗಮನಿಸ್ಬೇಕು ಅನ್ನೋದು ಏನಂದ್ರೆ, ಆ ಗೇಟ್ ತೆಗೆಯೋ ಮನಸ್ಸು ಅದನ್ನ ಹಾಕಿದವರಿಗೆ ತಾನಾಗೇ ಬರ್ಲಿಲ್ಲ, ಕಲಿತ ಹೆಣ್ಣುಮಕ್ಕಳು ತಮ್ಮ ಟೀಚರ್ ಪರವಾಗಿ ಬಾಯಿ ಬಿಟ್ಟು ಕೇಳಿದ ಮೇಲೆ ಬಂತು. ಫುಕುದಾ ತಾವಾಗಿ ಜಗಳಕ್ಕೆ ನಿಲ್ಲೋ ಸ್ವಭಾವದವರಲ್ಲ, ಹಳೇ ಕಾಲದ ಶಿಸ್ತಲ್ಲಿ ಬೆಳೆದವರು, ಗುರುಮನೆ ವಿರುದ್ಧ ಮಾತಾಡೋದು ಅವರಿಂದ ಆಗೋ ಕೆಲಸ ಅಲ್ಲ. ಅವರ ಪರವಾಗಿ ಬೇರೆಯವರು ಮಾತಾಡಿದ್ರಲ್ಲ, ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತೆ.

ಬೆಲ್ಟಿನ ಲೆಕ್ಕ ಯಾಕೆ ಇಷ್ಟು ಹಿಡ್ಕೊಂಡಿದ್ದಾಳೆ ಇವಳು ಅಂತ ಯಾರಾದ್ರೂ ಕೇಳ್ಬಹುದು. ವಿದ್ಯೆ ಮುಖ್ಯ ಪದವಿ ಯಾಕೆ ಅಂತ ಹೇಳೋರು ಇದ್ದಾರೆ, ಸಾಮಾನ್ಯವಾಗಿ ಪದವಿ ಇರೋರೇ ಹಾಗೆ ಹೇಳೋದು. ಸಮರಕಲೆಗಳಲ್ಲಿ ದರ್ಜೆ ಅಂದ್ರೆ ಪರೀಕ್ಷೆ ಮಾಡೋ ಪ್ಯಾನೆಲಲ್ಲಿ ಯಾರು ಕೂರ್ತಾರೆ, ಸೆಮಿನಾರಲ್ಲಿ ಯಾರ ಮಾತು ನಡೆಯುತ್ತೆ, ಯಾರ ಸಹಿಗೆ ಬೆಲೆ ಅನ್ನೋದು. ಹೆಂಗಸರನ್ನ ಐದಕ್ಕೆ ನಿಲ್ಲಿಸಿದ್ರೆ ಹುಡುಗಿಯರ ಬಗ್ಗೆ ನಿರ್ಧಾರ ತಗೊಳ್ಳೋ ರೂಮಲ್ಲಿ ಹೆಂಗಸು ಇರೋದೇ ಇಲ್ಲ. ಅದರ ಫಲ ಏನು ಅನ್ನೋದೂ ಕಣ್ಣಿಗೆ ಬಿತ್ತು. 2013ರ ಜನವರಿ ಕೊನೇಲಿ, ಅಂದ್ರೆ ಫುಕುದಾ ತೀರಿಕೊಳ್ಳೋಕೆ ಕೆಲವೇ ದಿನ ಮುಂಚೆ, ಜಪಾನಿನ 15 ಮಹಿಳಾ ಜೂಡೊ ಆಟಗಾರ್ತಿಯರು ತಮ್ಮ ರಾಷ್ಟ್ರೀಯ ತಂಡದ ಕೋಚ್ ಹೊಡೀತಾರೆ ಬಡೀತಾರೆ ಅಂತ ಜಪಾನಿನ ಒಲಿಂಪಿಕ್ ಸಮಿತಿಗೆ ಕೊಟ್ಟ ದೂರು ಹೊರಗೆ ಬಂತು, ಆ ಕೋಚ್ ರಾಜೀನಾಮೆ ಕೊಡಬೇಕಾಯ್ತು. ಆ ಸುದ್ದಿ ನಮ್ಮ ಕಡೆಗೂ ಬಂದಿತ್ತು. ಫುಕುದಾ ತೀರಿಕೊಂಡ ಸುದ್ದಿ ಎಷ್ಟು ಕಡೆ ಬಂತು ಅಂತ ಯೋಚಿಸಿದ್ರೆ ಬೇಜಾರಾಗುತ್ತೆ.

ಮುಂದಿನದ್ದು ಬೇಗ ಹೇಳಿಬಿಡ್ತೀನಿ. 1990ರಲ್ಲಿ ಜಪಾನ್ ಸರ್ಕಾರ ರಾಷ್ಟ್ರೀಯ ಗೌರವ ಕೊಟ್ಟಿತು. 1994ರಲ್ಲಿ ಕೊಡೊಕಾನ್‌ನಿಂದ 8ನೇ ದಾನ್, 2006ರ ಜನವರಿಯಲ್ಲಿ 9ನೇ ದಾನ್, ಕೊಡೊಕಾನ್ ಇಷ್ಟು ಮೇಲಿನ ದರ್ಜೆ ಒಬ್ಬ ಹೆಂಗಸಿಗೆ ಕೊಟ್ಟಿದ್ದು ಅದೇ ಮೊದಲು. ಎಲ್ಲರೂ ಫಾರ್ವರ್ಡ್ ಮಾಡೋ ಆ 10ನೇ ದಾನ್ ಇದೆಯಲ್ಲ, 2011ರ ಜುಲೈದು, ಅದನ್ನ ಕೊಟ್ಟಿದ್ದು ಅಮೆರಿಕದ ಜೂಡೊ ಸಂಸ್ಥೆ, ಕೊಡೊಕಾನ್ ಅಲ್ಲ. ಕೊಡೊಕಾನ್ ಅವರಿಗೆ ಒಂಬತ್ತಕ್ಕೇ ನಿಲ್ಲಿಸ್ತು. ಈ ಒಂದು ವ್ಯತ್ಯಾಸ ನಮ್ಮ ಕನ್ನಡದ ಬರಹಗಳಲ್ಲಿ ಎಲ್ಲೂ ಕಾಣಲ್ಲ, ಅದನ್ನ ಬಿಟ್ಟುಬಿಟ್ರೆ ಕಥೆ ಸುಖಾಂತ್ಯ ಆಗುತ್ತೆ, ಪಾಪ ಕಾದ್ರು ಕಾದ್ರು ಕೊನೆಗೆ ಸಿಕ್ತು ಅಂತ. ಕಲಿತ ಮನೆಯಿಂದ ಸಿಗ್ಲಿಲ್ಲ ಅನ್ನೋದನ್ನೂ ಬರೀಬೇಕು.

ಸ್ಪರ್ಧೆ ವಿಷಯದಲ್ಲಿ ದಾರಿ ಬಿಡಿಸಿದವರು ಇನ್ನೊಬ್ಬ ಹೆಂಗಸು, ನ್ಯೂಯಾರ್ಕಿನ ರಸ್ಟಿ ಕಾನೊಕೊಗಿ. 1959ರಲ್ಲಿ ಗಂಡಸಿನ ವೇಷದಲ್ಲಿ ಆಡಿ ಗೆದ್ದು, ಹೆಂಗಸು ಅಂತ ಗೊತ್ತಾದ ಮೇಲೆ ಮೆಡಲ್ ವಾಪಸ್ ಕೊಡಬೇಕಾಗಿ ಬಂದವರು, 1980ರಲ್ಲಿ ನ್ಯೂಯಾರ್ಕಲ್ಲೇ ಹೆಂಗಸರ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಸಿದ್ರು. 1988ರಲ್ಲಿ ಸೋಲ್‌ನಲ್ಲಿ ಪ್ರದರ್ಶನದ ಆಟವಾಗಿ, 1992ರಲ್ಲಿ ಬಾರ್ಸಿಲೋನಾದಲ್ಲಿ ಮೆಡಲ್ ಇರೋ ಆಟವಾಗಿ ಹೆಂಗಸರ ಜೂಡೊ ಒಲಿಂಪಿಕ್ಸಿಗೆ ಬಂತು. ಅದಾದ್ಮೇಲೆನೇ ನಮ್ಮ ಸುಶೀಲಾ ದೇವಿ, ತುಲಿಕಾ ಮಾನ್ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತಲ್ಲಿ ಬೆಳ್ಳಿ ತಂದಿದ್ದೆಲ್ಲ ಸಾಧ್ಯ ಆಗಿದ್ದು. ಒಬ್ಬರು ಹೊಡೆದಾಡಿ ಬಾಗಿಲು ತೆಗೆಸಿದ್ರು, ಇನ್ನೊಬ್ಬರು ಒಳಗೆ ಕೂತು ದಿನಾ ಪಾಠ ಮಾಡಿದ್ರು, ಎರಡೂ ಬೇಕಾಗಿತ್ತು.

ನಮ್ಮ ದೇಶಕ್ಕೂ ಈ ವಿದ್ಯೆಗೂ ಹಳೇ ನಂಟಿದೆ ಅಂತ ಇಲ್ಲೇ ಹೇಳ್ಬೇಕು, ತುಂಬಾ ಜನಕ್ಕೆ ಗೊತ್ತಿಲ್ಲ. 1929ರಲ್ಲಿ ಟ್ಯಾಗೋರರು ಕೊಡೊಕಾನ್‌ನ ಶಿನ್ಜೊ ತಕಗಾಕಿ ಅವರನ್ನ ಶಾಂತಿನಿಕೇತನಕ್ಕೆ ಕರೆಸಿದ್ರು, ಅಲ್ಲಿ ಹುಡುಗರ ಜೊತೆ ಹುಡುಗಿಯರೂ ಜೂಡೊ ಕಲಿತರು. ಫುಕುದಾ ಟೋಕಿಯೋದಲ್ಲಿ ಕಲಿಯೋಕೆ ಶುರು ಮಾಡೋ ಮುಂಚೆನೇ ಬಂಗಾಳದಲ್ಲಿ ಹೆಣ್ಣುಮಕ್ಕಳು ಮ್ಯಾಟ್ ಮೇಲೆ ಇದ್ರು ಅಂದ್ರೆ ಎಷ್ಟು ಖುಷಿ ಆಗುತ್ತೆ. ಆ ಹುಡುಗಿಯರಲ್ಲಿ ಯಾರಾದ್ರೂ ಟೀಚರ್ ಆಗಿ ಜೀವನ ಪೂರ್ತಿ ಹೇಳಿಕೊಡೋ ವ್ಯವಸ್ಥೆ ಇದ್ದಿದ್ರೆ ಇವತ್ತು ಜೂಡೊ ನಮ್ಮಲ್ಲಿ ಬೇರೆ ಮಟ್ಟದಲ್ಲಿ ಇರ್ತಿತ್ತೇನೋ.

ಮದುವೆ ವಿಷಯಕ್ಕೂ ಒಂದು ಮಾತು. ಜೂಡೊನೇ ನನ್ನ ಮದುವೆ ಅನ್ನೋ ಅರ್ಥದ ಮಾತು ಅವರೇ ಹೇಳಿದ್ದಾರೆ, ಅದನ್ನ ನಾನು ಅಲ್ಲಗಳೆಯಲ್ಲ. ಆ ಕಾಲದಲ್ಲಿ ಮದುವೆ ಆದ್ರೆ ಜೂಡೊ ಬಿಡಬೇಕಾಗ್ತಿತ್ತು, ಅವರು ಬಿಡೋಕೆ ಒಪ್ಪಲಿಲ್ಲ. ಆದ್ರೆ ಅದನ್ನ ತ್ಯಾಗ ತ್ಯಾಗ ಅಂತ ಬರೆಯೋವಾಗ ಓದೋ ಹುಡುಗಿಗೆ ಹೋಗೋ ಸಂದೇಶ ಏನು, ಈ ವಿದ್ಯೆ ಬೇಕಂದ್ರೆ ಇದನ್ನೆಲ್ಲ ಬಿಡಬೇಕಮ್ಮ ಅಂತ. ಕಾನೊ ಮದುವೆ ಆಗಿ ಮಕ್ಕಳು ಮರಿ ಎಲ್ಲಾ ಇದ್ದ ಮನುಷ್ಯ, ಅವರ ಬಗ್ಗೆ ಬರೆಯುವಾಗ ಸಂಸಾರದ ಮಾತು ಯಾರೂ ಎತ್ತಲ್ಲ. ಈ ಪ್ರಶ್ನೆ ಹೆಂಗಸಿಗೆ ಮಾತ್ರ ಬಂದಿದ್ದು ಯಾಕೆ ಅಂತ ಬರೆದ್ರೆ ಅದು ಸುದ್ದಿ. ನನ್ನ ಕ್ಲಾಸಲ್ಲೇ ಚೆನ್ನಾಗಿ ಆಡ್ತಿದ್ದ ಹುಡುಗಿಯರು ಪಿಯುಸಿ ಮುಗಿಯೋ ಹೊತ್ತಿಗೆ ಒಬ್ಬೊಬ್ಬರಾಗಿ ನಿಂತುಹೋಗ್ತಾರೆ, ಅವರ ಅಮ್ಮಂದಿರು ಬಂದು ಮೇಡಂ ಇನ್ನು ಸಾಕು ಗಂಡು ನೋಡ್ತಿದ್ದೀವಿ ಕೈಕಾಲು ಮುರ್ಕೊಂಡ್ರೆ ಕಷ್ಟ ಅಂತಾರೆ, ನಾನು ಏನು ಹೇಳ್ಲಿ ಅವರಿಗೆ.

ಬಲವಾಗಿರು, ಮೃದುವಾಗಿರು, ಸುಂದರವಾಗಿರು ಅನ್ನೋದು ಫುಕುದಾ ಅವರ ಧ್ಯೇಯವಾಕ್ಯ ಆಗಿತ್ತು. ಸುಂದರ ಅನ್ನೋದಕ್ಕೆ ಅವರು ಮುಖದ ಅಂದ ಅಂತ ಲೆಕ್ಕ ಹಾಕಿರ್ಲಿಲ್ಲ, ಮನಸ್ಸಿಂದು, ನಡತೇದು. ಕೊನೇ ವರ್ಷಗಳಲ್ಲಿ ಮ್ಯಾಟ್ ಪಕ್ಕ ಕುರ್ಚಿ ಹಾಕ್ಕೊಂಡು ಕೂತು ವಾರಕ್ಕೆ ಮೂರು ದಿನ ಪಾಠ ಮಾಡ್ತಿದ್ರು, ಕೂತಲ್ಲಿಂದಲೇ ಶಿಷ್ಯರ ಹೆಜ್ಜೆ ತಿದ್ದೋದು. ಕಾನೊ ಅವರ ನೇರ ಶಿಷ್ಯರಲ್ಲಿ ಬದುಕಿದ್ದ ಕೊನೆಯವರು ಅವರೇ ಆಗಿದ್ರು. 99 ವರ್ಷ, ನೂರಕ್ಕೆ ಎರಡು ತಿಂಗಳು ಬಾಕಿ ಇತ್ತು.

ಸಂಪಾದಕರೇ, ಈಗ ನನ್ನ ಬೇಡಿಕೆ. ಇಂಥವರ ಬಗ್ಗೆ ಮುಂದೆ ಬರೆಯುವಾಗ ಏನು ಕಲಿಸಿದ್ರು, ಎಲ್ಲಿ ಕಲಿಸಿದ್ರು, ಏನು ಅಡ್ಡ ಬಂತು, ಯಾರು ಅಡ್ಡ ಬಂದ್ರು ಅನ್ನೋದನ್ನ ಹಾಕಿ, ಮಾರ್ಚ್ ಎಂಟನೇ ತಾರೀಕೇ ಆಗ್ಬೇಕು ಅಂತಿಲ್ಲ. ಹೊರದೇಶದವರ ಬಗ್ಗೆ ಬರೆದಷ್ಟೇ ಜಾಗ ನಮ್ಮ ಜಿಲ್ಲೆಗಳಲ್ಲಿ ಕರಾಟೆ, ಜೂಡೊ, ಕುಸ್ತಿ, ಕಬಡ್ಡಿ ಹೇಳಿಕೊಡ್ತಿರೋ ಹೆಂಗಸರಿಗೂ ಕೊಡಿ, ಎಷ್ಟೋ ಜನ ಸರ್ಕಾರಿ ಶಾಲೆಗಳಲ್ಲಿ ಮೂರು ತಿಂಗಳ ಆತ್ಮರಕ್ಷಣೆ ತರಬೇತಿಗೆ ಅಂತ ಬಂದು ಗೌರವಧನಕ್ಕೆ ಕಾಯ್ತಾ ಇರ್ತಾರೆ, ಆಮೇಲೆ ಮುಂದಿನ ವರ್ಷ ಕರೀತಾರೋ ಇಲ್ವೋ ಗೊತ್ತಿರಲ್ಲ, ಒಂದು ವಿದ್ಯೆ ಹೀಗೆ ಮೂರ್ಮೂರು ತಿಂಗಳ ತುಂಡಲ್ಲಿ ಬೇರು ಬಿಡಲ್ಲ. ಅವರಲ್ಲಿ ಒಬ್ಬರ ಹತ್ರ ಹೋಗಿ ಒಂದು ದಿನ ಕ್ಲಾಸ್ ನೋಡಿ ಬರೆಯೋಕೆ ನಿಮ್ಮ ವರದಿಗಾರರಿಗೆ ಹೇಳಿ. ಮತ್ತೆ ಜಿಲ್ಲಾ ಮಟ್ಟದ, ರಾಜ್ಯ ಮಟ್ಟದ ಪಂದ್ಯಗಳ ಫಲಿತಾಂಶ ಹಾಕುವಾಗ ಗೆದ್ದ ಮಗುವಿನ ಹೆಸರಿನ ಪಕ್ಕ ಶಾಲೆ ಹೆಸರು ಹಾಕ್ತೀರಿ, ಶಾಸಕರು ಬಹುಮಾನ ಕೊಟ್ಟ ಫೋಟೋ ಹಾಕ್ತೀರಿ, ಕಲಿಸಿದವರ ಹೆಸರೂ ಒಂದು ಸಾಲು ಹಾಕಿ. ಜಾಗ ಸಾಲಲ್ಲ ಅಂದ್ರೆ ಫೋಟೋ ಸ್ವಲ್ಪ ಚಿಕ್ಕದು ಮಾಡಿ.

ಇಂತಿ ನಿಮ್ಮ ಓದುಗಳು,
ಒಬ್ಬ ಜೂಡೊ ಟೀಚರ್, ದಾವಣಗೆರೆ